ಕಿವಿಯ ಮುಂದಿನ ಕೀಲು, ಜೇಬಿನಲ್ಲಿರುವ ಮಾತ್ರೆ

ಚಿಕ್ಕಬಳ್ಳಾಪುರ ಸೀಮೆಯಲ್ಲಿ ಮುದ್ದೆಯನ್ನು ಅಗಿಯುವವರನ್ನು ಕಂಡರೆ ಪಕ್ಕದಲ್ಲಿ ಕೂತ ಅಜ್ಜಿ ನಗುತ್ತಾರೆ. ಮುದ್ದೆ ನುಂಗುವ ಊಟ. ಬೆರಳಲ್ಲಿ ಮುರಿದು, ಬಸ್ಸಾರಿನಲ್ಲಿ ಹೊರಳಿಸಿ, ಗಂಟಲಿಗೆ ಇಳಿಸಿದರೆ ಆಯಿತು. ದವಡೆಗೆ ಹೆಚ್ಚು ಕೆಲಸವಿಲ್ಲ. ದವಡೆಯ ನೆನಪಾಗುವುದು ಹುರಿದ ಕಡ್ಲೆಕಾಯಿ ಮುಂದೆ ಬಂದಾಗ, ಕಬ್ಬಿನ ಜಲ್ಲೆಯನ್ನು ಹಲ್ಲಿನಿಂದ ಸಿಗಿಯುವಾಗ, ಇಲ್ಲವೇ ಒಂದು ಬೆಳಿಗ್ಗೆ ಆಕಳಿಸಲು ಹೋಗಿ ಬಾಯಿ ಅರ್ಧಕ್ಕೇ ನಿಂತುಬಿಟ್ಟಾಗ.

ಅಲ್ಲಿಂದ ಅಲೆದಾಟ ಶುರು. ಕಿವಿ ನೋಯುತ್ತಿದೆ ಎಂದು ಕಿವಿಯ ಡಾಕ್ಟರ ಬಳಿಗೆ, ಹಲ್ಲು ಜುಮ್ಮೆನ್ನುತ್ತಿದೆ ಎಂದು ಹಲ್ಲಿನ ಡಾಕ್ಟರ ಬಳಿಗೆ, ತಲೆನೋವೆಂದು ಮೆಡಿಕಲ್ ಷಾಪಿಗೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಅನೇಕ ಮನೆಗಳಲ್ಲಿ ಕನ್ನಡದ ಜೊತೆಗೆ ತೆಲುಗೂ ಓಡಾಡುತ್ತದೆ. ಕನ್ನಡದ ದವಡೆ ತೆಲುಗಿನಲ್ಲಿ ದವಡ. ಪದ ಎರಡೂ ಕಡೆ ಇದೆ, ಆದರೆ ಆ ದವಡೆಯನ್ನು ಆಡಿಸುವ ಕೀಲಿನ ಮಾತು ಮನೆಯಲ್ಲಿ ಬರುವುದೇ ಅಪರೂಪ. ಮೊಣಕಾಲ ಕೀಲು, ಸೊಂಟದ ಕೀಲು ಎಲ್ಲರಿಗೂ ಗೊತ್ತು. ದಿನವಿಡೀ ಮಾತು, ಊಟ, ಆಕಳಿಕೆಗೆ ದುಡಿಯುವ ಈ ಕೀಲು ಮಾತ್ರ ಕೆಡುವವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ.

ದವಡೆ ಕೆಟ್ಟಾಗ ಕೇಳಬೇಕಾದ ಒಂದು ಪ್ರಶ್ನೆಯೂ ಹಾಗೆಯೇ ಉಳಿದುಹೋಗುತ್ತದೆ: ಈಚೆಗೆ ಯಾವ ಮಾತ್ರೆ ತೆಗೆದುಕೊಂಡಿರಿ?

ತಿರುಗಿ ಜಾರುವ ಕೀಲು

ಕಿವಿಯ ರಂಧ್ರದ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದರೆ ಒಳಗೆ ಏನೋ ಉರುಳಿದಂತೆ ತಿಳಿಯುತ್ತದೆ. ಅದು ಕೆಳದವಡೆಯ ತುದಿಯ ಗುಂಡು. ತಲೆಬುರುಡೆಯ ಗುಳಿಯಲ್ಲಿ ಅದು ಕೂತಿರುತ್ತದೆ. ಎರಡರ ನಡುವೆ ಮೆತ್ತನೆಯ ಬಿಲ್ಲೆಯೊಂದಿದೆ. ಕದ ತಿರುಗಣೆಯಲ್ಲಿ ತಿರುಗುತ್ತದೆ ಅಷ್ಟೆ. ದವಡೆ ಮೊದಲು ತಿರುಗುತ್ತದೆ, ಬಾಯಿ ಇನ್ನಷ್ಟು ತೆರೆದಾಗ ಗುಳಿಯಿಂದ ಮುಂದಕ್ಕೆ ಜಾರುತ್ತದೆ. ಎಡ ಬಲದ ಎರಡು ಕೀಲುಗಳೂ ಒಂದೇ ಮೂಳೆಯ ಎರಡು ತುದಿಗಳಾದ್ದರಿಂದ ಒಂದು ಕುಂಟಿದರೆ ಇನ್ನೊಂದು ಭಾರ ಹೊರಬೇಕು. ಶಿಡ್ಲಘಟ್ಟದ ಹುಳುಮನೆಯಲ್ಲಿ ರೇಷ್ಮೆ ಹುಳು ಸೊಪ್ಪು ಮೇಯುವ ಸದ್ದು ಸೋನೆ ಮಳೆಯಂತೆ ಕೇಳುತ್ತದೆ. ಆ ಹುಳುವಿನ ದವಡೆಗಳು ಅಕ್ಕಪಕ್ಕಕ್ಕೆ ಕತ್ತರಿಯಂತೆ ಆಡುತ್ತವೆ. ಮನುಷ್ಯನ ದವಡೆ ಮೇಲೆ ಕೆಳಗೆ ಆಡುತ್ತದೆ, ಹಿಂದೆ ಮುಂದೆ ಜಾರುತ್ತದೆ, ಅರೆಯುವಾಗ ಪಕ್ಕಕ್ಕೂ ಸರಿಯುತ್ತದೆ. ಇಷ್ಟು ಬಗೆಯ ಚಲನೆ ಇರುವುದರಿಂದಲೇ ಕೆಡುವ ದಾರಿಗಳೂ ಹೆಚ್ಚು.

ಆರೋಗ್ಯವಂತ ವಯಸ್ಕರ ಬಾಯಿ ಸುಮಾರು 35ರಿಂದ 55 ಮಿಲಿಮೀಟರ್ ತೆರೆಯುತ್ತದೆ. ಅಳೆಯಲು ಸ್ಕೇಲು ಬೇಕಿಲ್ಲ. ತಮ್ಮದೇ ಕೈಯ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ತೂರಿಸಲು ಸಾಧ್ಯವಾದರೆ ಸಾಕು. ಎರಡೇ ಬೆರಳಿಗೆ ನಿಂತರೆ ತೋರಿಸಿಕೊಳ್ಳಬೇಕು. ನೋವಿಲ್ಲದೆ ಬರೀ 'ಟಕ್' ಎನ್ನುವ ಸದ್ದು ಬಹಳ ಜನರಲ್ಲಿ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಸದ್ದಿನ ಜೊತೆ ನೋವು, ಬಿಗಿತ, ಬಾಯಿ ಒಂದು ಕಡೆಗೆ ಸೊಟ್ಟಗೆ ತೆರೆಯುವುದು ಸೇರಿದರೆ ಅದು ದವಡೆ ಕೀಲಿನ ತೊಂದರೆ.

ಕಿವಿಯೊಳಗಿನ ನೋವಿಗೂ ಈ ಕೀಲಿಗೂ ಇರುವ ನಂಟನ್ನು ವೈದ್ಯ ಜಗತ್ತಿನ ಗಮನಕ್ಕೆ ತಂದವರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಕಿವಿ ಗಂಟಲು ತಜ್ಞ ಜೇಮ್ಸ್ ಕಾಸ್ಟನ್ ಮುಖ್ಯರು. 1934ರಲ್ಲಿ ಅವರು 11 ರೋಗಿಗಳ ವಿವರ ಪ್ರಕಟಿಸಿದರು. ಹಿಂದಿನ ಹಲ್ಲುಗಳು ಹೋಗಿ ದವಡೆ ಕುಸಿದದ್ದೇ ಕಾರಣ ಎಂದು ಅವರು ಕೊಟ್ಟ ವಿವರಣೆ ಮುಂದೆ ನಿಲ್ಲಲಿಲ್ಲ. ಆದರೆ ಕಿವಿ ನೋವೆಂದು ಬಂದವರ ದವಡೆಯನ್ನೂ ಮುಟ್ಟಿ ನೋಡುವ ರೂಢಿ ಬೆಳೆಯಿತು. ನಮ್ಮಲ್ಲಿ ಇನ್ನೂ ಹಿಂದೆಯೇ ಸುಶ್ರುತ ಸಂಹಿತೆ ಹನುಸಂಧಿ ತಪ್ಪಿದಾಗ ಶಾಖ ಕೊಟ್ಟು, ಸರಿಪಡಿಸಿ, ಕಟ್ಟು ಹಾಕುವ ವಿಧಾನವನ್ನು ಹೇಳಿದೆ. ಹನು ಎಂದರೆ ದವಡೆ. ಹನುಮಂತನ ಹೆಸರಿನಲ್ಲಿರುವುದೂ ಅದೇ ಹನು.

ಹೆಂಗಸರಲ್ಲಿ ಈ ತೊಂದರೆ ಗಂಡಸರಿಗಿಂತ ಹೆಚ್ಚು, ಅದರಲ್ಲೂ 20ರಿಂದ 40ರ ವಯಸ್ಸಿನಲ್ಲಿ. ಏಟು, ಸಂಧಿವಾತ, ಬಿಲ್ಲೆ ಸರಿಯುವುದು, ಹಲ್ಲು ಕಡಿಯುವ ಅಭ್ಯಾಸ, ನಿದ್ದೆಗೇಡು, ಮನಸ್ಸಿನ ಒತ್ತಡ, ಎಲ್ಲಕ್ಕೂ ಇದರಲ್ಲಿ ಪಾಲಿದೆ. ಬಹುಪಾಲು ಪ್ರಕರಣಗಳು ಶಸ್ತ್ರಚಿಕಿತ್ಸೆಯಿಲ್ಲದೆ ವಿಶ್ರಾಂತಿ, ಶಾಖ, ವ್ಯಾಯಾಮದಿಂದಲೇ ಹದಕ್ಕೆ ಬರುತ್ತವೆ. ಆದರೆ ಕೀಲಿನಲ್ಲಿ ಯಾವ ದೋಷವೂ ಇಲ್ಲದೆ ದವಡೆ ಹಿಡಿದುಕೊಳ್ಳುವ, ಜಾರುವ, ತಾನಾಗಿ ಆಡುವ ಸಂದರ್ಭಗಳೂ ಇವೆ. ಅಂಥ ಕಡೆ ಹುಡುಕಬೇಕಾದದ್ದು ಬಾಯಿಯೊಳಗಲ್ಲ, ಮಾತ್ರೆಯ ಚೀಲದಲ್ಲಿ.

ವಾಂತಿ ನಿಂತಿತು, ಬಾಯಿ ಕಚ್ಚಿಕೊಂಡಿತು

ವಾಂತಿ ಭೇದಿಯಿಂದ ಸುಸ್ತಾದ ಹದಿನೆಂಟರ ಹುಡುಗಿಯೊಬ್ಬಳನ್ನು ನೆನೆದುಕೊಳ್ಳಿ. ಇಂಜೆಕ್ಷನ್ನೋ ಮಾತ್ರೆಯೋ ಬಿತ್ತು, ವಾಂತಿ ನಿಂತಿತು. ಮರುದಿನ ಸಂಜೆ ಅವಳ ಕುತ್ತಿಗೆ ಒಂದು ಕಡೆಗೆ ತಿರುಚಿತು, ಕಣ್ಣುಗುಡ್ಡೆ ಮೇಲಕ್ಕೆ ನೆಟ್ಟಿತು, ನಾಲಿಗೆ ದಪ್ಪವಾದಂತೆ ಮಾತು ತೊದಲಿತು, ಹಲ್ಲು ಬಿಗಿದು ಬಾಯಿ ಕಚ್ಚಿಕೊಂಡಿತು. ಪ್ರಜ್ಞೆ ಪೂರ್ತಿ ಇದೆ, ಎಲ್ಲವೂ ಕೇಳಿಸುತ್ತಿದೆ, ಉತ್ತರಿಸಲು ಬಾಯಿ ಬರುತ್ತಿಲ್ಲ. ನೋಡಿದವರು ಗಾಳಿ ಸೋಕಿದೆ ಎನ್ನುತ್ತಾರೆ, ಫಿಟ್ಸ್ ಎನ್ನುತ್ತಾರೆ, ನಾಟಕ ಎಂದು ಬೈಯುವವರೂ ಉಂಟು. ನಿಂಬೆಹಣ್ಣು ಇಳಿತೆಗೆಯುವ ಹೊತ್ತಿಗೆ ಒಂದು ಗಂಟೆ ಕಳೆದಿರುತ್ತದೆ.

ವೈದ್ಯರು ಇದನ್ನು ಅಕ್ಯೂಟ್ ಡಿಸ್ಟೋನಿಯಾ ಎನ್ನುತ್ತಾರೆ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡುವ ಪ್ರೋಕ್ಲೋರ್‌ಪೆರಜಿನ್, ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್, ಈ ಮೂರೂ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುತ್ತವೆ. ವಾಂತಿಯ ಕೇಂದ್ರದಲ್ಲಿ ಆ ತಡೆ ಬೇಕಾದದ್ದೇ. ಆದರೆ ಸ್ನಾಯುಗಳ ಬಿಗಿ ಸಡಿಲವನ್ನು ನೋಡಿಕೊಳ್ಳುವ ಮೆದುಳಿನ ಆಳದ ಭಾಗದಲ್ಲೂ ಅದೇ ಡೋಪಮಿನ್ ಇದೆ. ಅಲ್ಲಿ ತಡೆ ಬಿದ್ದಾಗ ದವಡೆ, ನಾಲಿಗೆ, ಕುತ್ತಿಗೆ, ಕಣ್ಣಿನ ಸ್ನಾಯುಗಳು ತಮ್ಮಷ್ಟಕ್ಕೆ ಸೆಟೆಯುತ್ತವೆ. ಕೆಲವರಲ್ಲಿ ಬಾಯಿ ಬಿಗಿಯುವ ಬದಲು ಅಗಲವಾಗಿ ತೆರೆದುಕೊಂಡು ಕೀಲೇ ಜಾರಿಬಿಡುವುದೂ ಉಂಟು. ಮೆಟೊಕ್ಲೋಪ್ರಮೈಡ್‌ನ ಸಾಮಾನ್ಯ ಪ್ರಮಾಣದಲ್ಲಿ ಸುಮಾರು 500 ಮಂದಿಗೆ ಒಬ್ಬರಲ್ಲಿ ಹೀಗಾಗುತ್ತದೆ, ಹೆಚ್ಚಾಗಿ ಮೊದಲ 24ರಿಂದ 48 ಗಂಟೆಯೊಳಗೆ. ಮಕ್ಕಳು ಮತ್ತು 30 ದಾಟದವರಲ್ಲಿ ಸಂಭವ ಹೆಚ್ಚು.

ಸಮಾಧಾನದ ಸಂಗತಿಯೆಂದರೆ ಇದಕ್ಕೆ ಮದ್ದು ಸುಲಭ. ಪ್ರೊಮೆಥಜಿನ್‌ನಂಥ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಗಿತ ಸಡಿಲುತ್ತದೆ. ಮತ್ತೆ ಮರುಕಳಿಸದಂತೆ ಟ್ರೈಹೆಕ್ಸಿಫೆನಿಡಿಲ್ ಮಾತ್ರೆಯನ್ನು ಒಂದೆರಡು ದಿನ ಕೊಡುತ್ತಾರೆ. ಇದಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ, ತಾಲ್ಲೂಕು ಆಸ್ಪತ್ರೆಯಲ್ಲೇ ಆಗುವ ಚಿಕಿತ್ಸೆ. ಆದರೆ ಡಾಕ್ಟರಿಗೆ ತಿಳಿಯಬೇಕಲ್ಲ? ಖಾಲಿಯಾದ ಮಾತ್ರೆಯ ಪಟ್ಟಿಯನ್ನು ತೋರಿಸಿದರೆ ಐದು ನಿಮಿಷದಲ್ಲಿ ಮುಗಿಯುವ ಪತ್ತೆ, ಅದಿಲ್ಲದಿದ್ದರೆ ಧನುರ್ವಾಯುವೋ ಮಿದುಳು ಜ್ವರವೋ ಎಂದು ಗಂಟೆಗಟ್ಟಲೆ ಹುಡುಕಾಟವಾಗುತ್ತದೆ.

ಈ ಔಷಧದ ಮೇಲೆ ಹೊರದೇಶಗಳು ಕಣ್ಣಿಟ್ಟಿವೆ. ಮೆಟೊಕ್ಲೋಪ್ರಮೈಡನ್ನು ದೀರ್ಘಕಾಲ ಬಳಸಿದರೆ ಬಾಯಿ, ನಾಲಿಗೆ ತಾನಾಗಿ ಆಡುವ ಕಾಯಿಲೆ ಬರಬಹುದೆಂದು ಅಮೆರಿಕದ ಔಷಧ ಆಡಳಿತ 2009ರಲ್ಲಿ ಅತಿ ಗಂಭೀರ ಎಚ್ಚರಿಕೆಯನ್ನು ಪೊಟ್ಟಣದ ವಿವರಕ್ಕೆ ಸೇರಿಸಿತು. ಯುರೋಪಿನ ಔಷಧ ಸಂಸ್ಥೆ 2013ರಲ್ಲಿ ಅದನ್ನು ಐದು ದಿನಗಳಿಗೆ ಸೀಮಿತಗೊಳಿಸಿ, ವಯಸ್ಕರಿಗೆ ದಿನಕ್ಕೆ 30 ಮಿಲಿಗ್ರಾಂ ಮೀರಬಾರದೆಂದಿತು. ಒಂದು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದೆಂದಿತು.

ಭಾರತದಲ್ಲಿ ಇನ್ನೊಂದು ಹೆಸರನ್ನೂ ಗಮನಿಸಬೇಕು: ಲೆವೊಸಲ್ಪಿರೈಡ್. ಗ್ಯಾಸ್ಟ್ರಿಕ್‌ಗೆಂದು ತಿಂಗಳುಗಟ್ಟಲೆ ನುಂಗುವ ಕೆಲವು ಕ್ಯಾಪ್ಸೂಲುಗಳಲ್ಲಿ ಆಮ್ಲ ತಗ್ಗಿಸುವ ಔಷಧದ ಜೊತೆ ಇದೂ ಬೆರೆತಿರುತ್ತದೆ. ಇದೂ ಡೋಪಮಿನ್ ತಡೆಯುವ ಗುಂಪಿನದೇ. ವಯಸ್ಸಾದವರಲ್ಲಿ ಕೈ ನಡುಕ, ನಡಿಗೆ ನಿಧಾನ, ತುಟಿ ಮತ್ತು ದವಡೆಯ ಅದುರು ಕಾಣಿಸಿಕೊಂಡು, 'ವಯಸ್ಸಾಯ್ತಲ್ಲ' ಎಂದು ಮನೆಯವರು ಸುಮ್ಮನಾಗುತ್ತಾರೆ. ಹೊಟ್ಟೆ ಉರಿಯ ಮಾತ್ರೆಗೂ ಗದ್ದದ ನಡುಕಕ್ಕೂ ಸಂಬಂಧವಿರಬಹುದೆಂದು ಯಾರಿಗೆ ತಾನೇ ಹೊಳೆದೀತು? ಹಳೆಯ ಚೀಟಿಯನ್ನೇ ತೋರಿಸಿ ಅಂಗಡಿಯಲ್ಲಿ ಮತ್ತೆ ಮತ್ತೆ ಅದೇ ಮಾತ್ರೆ ತರುವ ಅಭ್ಯಾಸ ಅಪಾಯಕಾರಿಯಾಗುವುದು ಇಲ್ಲೇ.

ನಿಲ್ಲದ ಅಗಿತ

1952ರಲ್ಲಿ ಪ್ಯಾರಿಸ್ಸಿನ ವೈದ್ಯರಾದ ಡಿಲೇ ಮತ್ತು ಡೆನಿಕರ್ ಕ್ಲೋರ್‌ಪ್ರೊಮಜಿನ್ ಎಂಬ ಔಷಧವನ್ನು ಮಾನಸಿಕ ರೋಗಿಗಳಿಗೆ ಕೊಟ್ಟು ಫಲ ಕಂಡರು. ಸರಪಳಿ ಮತ್ತು ಬೀಗದ ಬದಲು ಮಾತ್ರೆ ಬಂದ ಕಾಲ ಅದು. ಐದೇ ವರ್ಷದಲ್ಲಿ, 1957ರಲ್ಲಿ, ಅದೇ ಔಷಧ ತೆಗೆದುಕೊಂಡವರಲ್ಲಿ ತುಟಿ ಚಪ್ಪರಿಸುವ, ಬಾಯಲ್ಲಿ ಏನೂ ಇಲ್ಲದೆ ಅಗಿಯುವ ಚಲನೆಗಳನ್ನು ಜರ್ಮನಿಯ ವೈದ್ಯರೊಬ್ಬರು ದಾಖಲಿಸಿದರು. 1964ರಲ್ಲಿ ಇದಕ್ಕೆ ಟಾರ್ಡಿವ್ ಡಿಸ್ಕೈನೇಸಿಯಾ ಎಂಬ ಹೆಸರು ಬಿತ್ತು. ತಡವಾಗಿ ಬರುವ ಅಂಕೆತಪ್ಪಿದ ಚಲನೆ ಎಂದು ಅದರರ್ಥ. ಹಳೆಯ ಪೀಳಿಗೆಯ ಔಷಧಗಳಲ್ಲಿ ವರ್ಷಕ್ಕೆ 100 ಮಂದಿಗೆ ಸುಮಾರು ಐವರಲ್ಲಿ ಇದು ಹೊಸದಾಗಿ ಕಾಣಿಸಿಕೊಳ್ಳುತ್ತದೆ, ಮುದುಕರಲ್ಲಿ ಇನ್ನೂ ಹೆಚ್ಚು. ಹೊಸ ಔಷಧಗಳಲ್ಲಿ ಕಡಿಮೆ. ಹೀಗೆ ಸದಾ ಆಡುವ ದವಡೆಯ ಕೀಲು ಸವೆಯುತ್ತದೆ, ಕಟ್ಟಿದ ಹಲ್ಲಿನ ಸೆಟ್ಟು ನಿಲ್ಲುವುದಿಲ್ಲ, ಊಟ ಕಷ್ಟವಾಗುತ್ತದೆ.

ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಮುಟ್ಟಿಸುವ ಕೆಲಸದಲ್ಲಿ ಕರ್ನಾಟಕ ಮುಂದಿತ್ತು. ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2014ರಲ್ಲಿ ಬಂದ ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರು ಬರುವ ವ್ಯವಸ್ಥೆಯಾಯಿತು. ಊರಿನ ಹತ್ತಿರವೇ ಡಾಕ್ಟರು ಸಿಗುವುದರಿಂದ ಒಂದು ದೊಡ್ಡ ಅನುಕೂಲವಿದೆ: ದವಡೆಯೋ ನಾಲಿಗೆಯೋ ಆಡತೊಡಗಿದ ಮೊದಲ ತಿಂಗಳಲ್ಲೇ ಹೇಳಿಕೊಳ್ಳಬಹುದು. ಬೇಗ ಹೇಳಿದಷ್ಟೂ ಪ್ರಮಾಣ ಇಳಿಸಿ, ಔಷಧ ಬದಲಿಸಿ ಹತೋಟಿಗೆ ತರುವ ಅವಕಾಶ ಹೆಚ್ಚು. ಟೆಟ್ರಾಬೆನಜಿನ್‌ನಂಥ ಔಷಧಗಳೂ ಇವೆ. 2017ರಲ್ಲಿ ಅಮೆರಿಕ ಈ ಕಾಯಿಲೆಗೆಂದೇ ಎರಡು ಹೊಸ ಔಷಧಗಳಿಗೆ ಒಪ್ಪಿಗೆ ಕೊಟ್ಟಿತು.

ಇದನ್ನು ಓದಿ ಯಾರೂ ಮಾನಸಿಕ ಕಾಯಿಲೆಯ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಹಠಾತ್ತನೆ ನಿಲ್ಲಿಸಿದರೆ ಮೂಲ ಕಾಯಿಲೆ ಮರಳುತ್ತದೆ; ಬಾಯಿಯ ಚಲನೆಯೂ ಕೆಲವರಲ್ಲಿ ಹೆಚ್ಚುತ್ತದೆ. ಈ ಮಾತ್ರೆಗಳಿಂದ ಎಷ್ಟೋ ಮನೆಗಳು ಉಳಿದಿವೆ. ಬೇಕಾದದ್ದು ಡಾಕ್ಟರ ಜೊತೆ ಬಿಚ್ಚುಮಾತು. ಆಸ್ಪತ್ರೆಗೆ ಹೋಗಲಾಗದವರು 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು.

ರಾತ್ರಿ ಕಡಿಯುವ ಹಲ್ಲು

ಖಿನ್ನತೆ, ಆತಂಕಕ್ಕೆ ಇಂದು ಹೆಚ್ಚಾಗಿ ಬರೆಯುವ ಮಾತ್ರೆಗಳೆಂದರೆ ಫ್ಲೂಆಕ್ಸೆಟಿನ್, ಸರ್ಟ್ರಾಲಿನ್, ಎಸ್ಸಿಟಲೋಪ್ರಾಮ್, ವೆನ್ಲಾಫ್ಯಾಕ್ಸಿನ್. ಇವುಗಳಿಂದ ಕೆಲವರಲ್ಲಿ ಹಲ್ಲು ಕಡಿಯುವ, ಹಗಲಲ್ಲೇ ದವಡೆ ಬಿಗಿಹಿಡಿಯುವ ಅಭ್ಯಾಸ ಶುರುವಾಗುತ್ತದೆ. ಮಾತ್ರೆ ಆರಂಭಿಸಿದ ಅಥವಾ ಪ್ರಮಾಣ ಹೆಚ್ಚಿಸಿದ ಕೆಲವು ವಾರಗಳಲ್ಲಿ ಇದು ಕಾಣುತ್ತದೆ. ಬೆಳಿಗ್ಗೆ ಏಳುವಾಗ ಕಪಾಲ ನೋವು, ಕೆನ್ನೆಯ ಸ್ನಾಯು ಕಲ್ಲಿನಂತೆ, ಹಲ್ಲಿನ ಅಂಚು ಸವೆದು ಜುಮ್ಮೆನ್ನುವುದು. ಪಕ್ಕದಲ್ಲಿ ಮಲಗಿದವರಿಗೆ ಮಾತ್ರ ಕರಕರ ಸದ್ದು ಕೇಳಿಸಿರುತ್ತದೆ. ಮಕ್ಕಳು ಹಲ್ಲು ಕಡಿದರೆ 'ಹೊಟ್ಟೆಯಲ್ಲಿ ಹುಳ' ಎನ್ನುವ ಮಾತು ನಮ್ಮಲ್ಲಿದೆ, ದೊಡ್ಡವರು ಕಡಿದರೆ ಯಾರೂ ಕಾರಣ ಹುಡುಕುವುದಿಲ್ಲ.

ಇಲ್ಲೊಂದು ತೊಡಕಿದೆ. ಆತಂಕವೇ ಹಲ್ಲು ಕಡಿಸುತ್ತದೆ, ಆತಂಕದ ಮಾತ್ರೆಯೂ ಕಡಿಸಬಹುದು. ರೇಷ್ಮೆ ಹುಳು ನಾಲ್ಕನೇ ಜ್ವರ ದಾಟಿ ಹಗಲೂ ರಾತ್ರಿ ಸೊಪ್ಪು ತಿನ್ನುವ ದಿನಗಳಲ್ಲಿ ಶಿಡ್ಲಘಟ್ಟದ ಮನೆಗಳಲ್ಲಿ ಯಾರಿಗೂ ನೆಟ್ಟಗೆ ನಿದ್ದೆಯಿಲ್ಲ. ಗೂಡು ಮಾರುಕಟ್ಟೆಗೆ ಹೋಗಿ ರೇಟು ತಿಳಿಯುವವರೆಗೆ ಮನಸ್ಸಿಗೂ ನೆಮ್ಮದಿಯಿಲ್ಲ. ಆಗ ಬಂದ ದವಡೆ ನೋವು ಬೆಳೆಯ ಚಿಂತೆಯದೋ ಮಾತ್ರೆಯದೋ? ಬಿಡಿಸಿ ಹೇಳುವುದು ತಾರೀಖು ಮಾತ್ರ. ಮಾತ್ರೆಗೆ ಮೊದಲೇ ನೋವಿತ್ತೆ, ಆಮೇಲೆ ಬಂತೆ, ಪ್ರಮಾಣ ಇಳಿಸಿದಾಗ ತಗ್ಗಿತೆ? ಮಾತ್ರೆಯದೆಂದು ಖಚಿತವಾದರೆ ವೈದ್ಯರು ಪ್ರಮಾಣ ತಗ್ಗಿಸುತ್ತಾರೆ, ಬೇರೆ ಔಷಧಕ್ಕೆ ಬದಲಿಸುತ್ತಾರೆ, ಬಸ್ಪಿರೋನ್ ಸೇರಿಸುತ್ತಾರೆ. ದಂತವೈದ್ಯರು ರಾತ್ರಿ ಹಲ್ಲಿಗೆ ತೊಡುವ ಕವಚ ಮಾಡಿಕೊಡುತ್ತಾರೆ.

ಮೂಳೆಯ ಔಷಧ, ದವಡೆಯ ಮೂಳೆ

ಕೀಲಿಗಲ್ಲ, ದವಡೆಯ ಮೂಳೆಗೇ ತಟ್ಟುವ ಔಷಧಗಳೂ ಇವೆ. ಕ್ಯಾನ್ಸರ್ ಮೂಳೆಗೆ ಹರಡಿದಾಗ ಮತ್ತು ಮೂಳೆ ಟೊಳ್ಳಾದಾಗ ಬಿಸ್ಫಾಸ್ಫೊನೇಟ್ ಗುಂಪಿನ ಔಷಧ ಕೊಡುತ್ತಾರೆ. ಮಯಾಮಿಯ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್ 2003ರಲ್ಲಿ ಇಂಥ ಇಂಜೆಕ್ಷನ್ ಪಡೆದ 36 ರೋಗಿಗಳಲ್ಲಿ ದವಡೆ ಮೂಳೆ ಸತ್ತು ಒಸಡಿನಿಂದ ಹೊರಗೆ ಕಂಡದ್ದನ್ನು ವರದಿ ಮಾಡಿದರು. ಹತ್ತೊಂಬತ್ತನೇ ಶತಮಾನದ ಬೆಂಕಿಪೊಟ್ಟಣ ಕಾರ್ಖಾನೆಗಳಲ್ಲಿ ಬಿಳಿ ರಂಜಕದ ಹೊಗೆ ಕುಡಿದ ಕೂಲಿಗಳ ದವಡೆ ಕೊಳೆಯುತ್ತಿದ್ದುದನ್ನು ಅದು ನೆನಪಿಸಿತು. ಕ್ಯಾನ್ಸರ್‌ಗೆ ಕೊಡುವ ದೊಡ್ಡ ಪ್ರಮಾಣದಲ್ಲಿ ಈ ಅಪಾಯ ಹೆಚ್ಚು. ಟೊಳ್ಳು ಮೂಳೆಗೆ ವಾರಕ್ಕೊಂದು ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಹಳ ಅಪರೂಪ. ಮುಂಜಾಗ್ರತೆ ಒಂದೇ: ಔಷಧ ಶುರುಮಾಡುವ ಮೊದಲು ಹಲ್ಲು ತೋರಿಸಿ, ಕೀಳಬೇಕಾದ್ದನ್ನು ಕೀಳಿಸಿ, ಗಾಯ ಮಾಯಿಸಿಕೊಳ್ಳುವುದು. ಆಮೇಲೆ ಹಲ್ಲು ಕೀಳಿಸುವ ಸಂದರ್ಭ ಬಂದರೆ ದಂತವೈದ್ಯರಿಗೆ ಮೂಳೆ ಔಷಧದ ವಿಷಯ ಹೇಳಲೇಬೇಕು.

ಎಲ್ಲವೂ ಮಾತ್ರೆಯದಲ್ಲ

ಬಾಯಿ ದಿನೇದಿನೇ ಕಿರಿದಾಗುತ್ತ, ಖಾರ ತಿಂದರೆ ಉರಿಯುತ್ತ ಹೋದರೆ ಮೊದಲ ಅನುಮಾನ ಅಡಿಕೆ ಮತ್ತು ಗುಟ್ಕಾದ ಮೇಲೆ. ಅಡಿಕೆಯಿಂದ ಬಾಯಿಯ ಒಳಪದರ ನಾರಾಗಿ ಬಿಗಿಯುತ್ತದೆ. ಮುಂದೆ ಕ್ಯಾನ್ಸರ್ ಆಗುವ ಅಪಾಯವೂ ಇದೆ. 1952ರಲ್ಲಿ ಷ್ವಾರ್ಟ್ಸ್ ಎಂಬ ವೈದ್ಯರು ಕೀನ್ಯಾದಲ್ಲಿದ್ದ ಐವರು ಭಾರತೀಯ ಹೆಂಗಸರಲ್ಲಿ ಇದನ್ನು ಗುರುತಿಸಿದ್ದರು. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು, ಅಡಿಕೆ ಜಗಿಯುವುದು ನಿಂತಿಲ್ಲ. ಗಾಯವಾದ ಮೇಲೆ ದವಡೆ ಬಿಗಿದರೆ ಧನುರ್ವಾಯು ಇರಬಹುದು. ನಡೆದಾಗ, ಭಾರ ಎತ್ತಿದಾಗ ಕೆಳದವಡೆ ನೋವಾಗಿ, ಬೆವರು, ಎದೆ ಹಿಡಿತ ಸೇರಿದರೆ ಅದು ಹೃದಯದ ಕರೆ. ಈ ಎರಡಕ್ಕೂ ಒಂದು ಕ್ಷಣ ತಡಮಾಡದೆ ಆಸ್ಪತ್ರೆ ಸೇರಬೇಕು.

ಇನ್ನು ಕೀಲಿನದೇ ನೋವಾಗಿದ್ದರೆ ಈ ಸೀಮೆಯ ಅಡುಗೆಮನೆಯೇ ಅರ್ಧ ಔಷಧ. ವೈದ್ಯರು ಹೇಳುವ 'ಮೆತ್ತಗಿನ ಊಟ' ಎಂದರೆ ಮುದ್ದೆ, ಮಸ್ಸೊಪ್ಪು, ಹಿತಕಿದ ಅವರೆಬೇಳೆ ಸಾರು. ಒಂದೆರಡು ವಾರ ಕಡ್ಲೆಕಾಯಿ, ಕೋಡುಬಳೆ, ಕಬ್ಬು, ಗಟ್ಟಿ ಸೀಬೆಕಾಯಿ ದೂರ ಇರಲಿ. ದಿನಕ್ಕೆರಡು ಮೂರು ಸಲ ಬಿಸಿ ಬಟ್ಟೆಯ ಶಾಖ. ಆಕಳಿಸುವಾಗ ಗದ್ದಕ್ಕೆ ಕೈ ಆನಿಸಿ. ಊಟ ಬಿಟ್ಟರೆ ಉಳಿದ ಹೊತ್ತು ತುಟಿ ಕೂಡಿರಲಿ, ಹಲ್ಲುಗಳು ತಾಕದಿರಲಿ.

ಹೇಳಿದರೆ ಮಾತ್ರ ತಿಳಿಯುತ್ತದೆ

ಔಷಧದ ಅಡ್ಡಪರಿಣಾಮಗಳನ್ನು ಕಲೆಹಾಕಲು ಭಾರತ 2010ರ ಜುಲೈನಲ್ಲಿ ಔಷಧ ಜಾಗೃತಿ ಕಾರ್ಯಕ್ರಮ ಆರಂಭಿಸಿತು. ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗ ಅದನ್ನು ನಡೆಸುತ್ತದೆ. ವೈದ್ಯರೇ ಬರೆಯಬೇಕೆಂದಿಲ್ಲ, ರೋಗಿ ಅಥವಾ ಮನೆಯವರೂ ವರದಿ ಕೊಡಬಹುದು. ಅದರ ನಮೂನೆ ಕನ್ನಡದಲ್ಲೂ ಇದೆ. ಮಾತ್ರೆಯ ಹೆಸರು, ಯಾವಾಗ ಶುರುವಾಯಿತು, ಏನಾಯಿತು ಎಂಬಷ್ಟು ಸಾಕು. ಉಚಿತ ದೂರವಾಣಿ 1800-180-3024, ಕೆಲಸದ ದಿನಗಳಲ್ಲಿ.

ಹಳ್ಳಿಯಿಂದ ಬರುವ ಇಂಥ ವರದಿಗಳಿಗೆ ಬೆಲೆ ಹೆಚ್ಚು. ಒಂದು ಔಷಧವನ್ನು ಮಾರುಕಟ್ಟೆಗೆ ಬಿಡುವ ಮುನ್ನ ಪರೀಕ್ಷಿಸುವುದು ಕೆಲವು ಸಾವಿರ ಜನರ ಮೇಲೆ. ಕೋಟಿಗಟ್ಟಲೆ ಜನ, ಬೇರೆ ಬೇರೆ ಮಾತ್ರೆಗಳ ಜೊತೆ, ವರ್ಷಗಟ್ಟಲೆ ನುಂಗಿದಾಗ ಏನಾಗುತ್ತದೆಂಬುದು ನುಂಗಿದವರು ಹೇಳಿದಾಗಲೇ ತಿಳಿಯುವುದು.

ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್ ಪ್ರತಿ ಮನೆಯಲ್ಲೂ ಇದೆ. ಹೊಸ ಮಾತ್ರೆ ಶುರುವಾದ ದಿನ ಅದರಲ್ಲೇ ಮಾತ್ರೆಯ ಹೆಸರು ಬರೆಯಿರಿ. ಬಾಯಿ ಬಿಗಿದರೆ, ದವಡೆ ಆಡಿದರೆ, ಆ ದಿನವನ್ನೂ ಗುರುತು ಹಾಕಿ. ಆಸ್ಪತ್ರೆಗೆ ಹೊರಡುವಾಗ ಮಾತ್ರೆಯ ಪಟ್ಟಿಗಳನ್ನು, ಖಾಲಿಯಾದವನ್ನೂ ಸೇರಿಸಿ, ಚೀಲಕ್ಕೆ ಹಾಕಿಕೊಳ್ಳಿ. ಡಾಕ್ಟರು ಕೇಳದಿದ್ದರೂ ಮೇಜಿನ ಮೇಲಿಡಿ.